ಮೂಲವ್ಯಾಧಿ ಎಂದುಕೊಂಡ ರಕ್ತ: ಐವತ್ತರೊಳಗಿನವರ ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಸಂಡಾಸಿನಲ್ಲಿ ರಕ್ತ ಕಂಡರೆ ಮೊದಲು ಬರುವ ಮಾತು ಒಂದೇ: "ಉಷ್ಣ ಆಗೇತಿ, ಮೂಲವ್ಯಾಧಿ ಇರಬೇಕು." ಬಹಳಷ್ಟು ಸಲ ಅದು ನಿಜವೇ ಆಗಿರುತ್ತದೆ. ತೊಂದರೆ ಇರುವುದು ಯಾರೂ ಪರೀಕ್ಷೆ ಮಾಡದೆ, ಬರೀ ವಯಸ್ಸು ನೋಡಿ ಹಾಗೆ ತೀರ್ಮಾನಿಸಿಬಿಡುವುದರಲ್ಲಿ. ಇಲ್ಲಿರುವ ಉತ್ತರಗಳು 20ರಿಂದ 50 ವಯಸ್ಸಿನವರಿಗೆ ಮತ್ತು ಅವರ ಮನೆಯವರಿಗೆ.

ನನಗೆ ಇನ್ನೂ 32. ಈ ವಯಸ್ಸಿಗೂ ಕರುಳಿನ ಕ್ಯಾನ್ಸರ್ ಬರುತ್ತದೆಯೇ?

ಬರುತ್ತದೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಜನರಿಗೆ ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಬಂತು; ಭಾರತದಲ್ಲಿ ಸುಮಾರು 70 ಸಾವಿರ ಜನರಿಗೆ. ಈಗಲೂ ಹೆಚ್ಚಿನವರು ವಯಸ್ಸಾದವರೇ. ಆದರೆ 1990ರ ದಶಕದಿಂದ ಈಚೆಗೆ ಅನೇಕ ದೇಶಗಳಲ್ಲಿ ಐವತ್ತರೊಳಗಿನವರಲ್ಲಿ ಇದು ಏರುತ್ತಲೇ ಇದೆ. ಅಮೆರಿಕದಲ್ಲಿ 1950ರ ಸುಮಾರಿಗೆ ಹುಟ್ಟಿದವರಿಗೆ ಹೋಲಿಸಿದರೆ 1990ರ ಸುಮಾರಿಗೆ ಹುಟ್ಟಿದವರಿಗೆ, ಅದೇ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರಿನ ಅಪಾಯ ಎರಡು ಪಟ್ಟು, ಗುದನಾಳದ ಕ್ಯಾನ್ಸರಿನ ಅಪಾಯ ನಾಲ್ಕು ಪಟ್ಟು. ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ಇದೇ ರೋಗದಿಂದ ತೀರಿಕೊಂಡಾಗ ಅವರಿಗೆ 43 ವರ್ಷ.

ಭಾರತದಲ್ಲಿ ಪ್ರಮಾಣ ಇನ್ನೂ ಕಡಿಮೆ. 25ರಿಂದ 49 ವಯಸ್ಸಿನವರಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 3.5 ಜನ, ಆಸ್ಟ್ರೇಲಿಯಾದಲ್ಲಿ ಇದು 16.5. ಹಾಗಾಗಿ ಗಾಬರಿಪಡಬೇಕಾಗಿಲ್ಲ. ಆದರೆ "ನಿನ್ನ ವಯಸ್ಸಿಗೆ ಅದೆಲ್ಲ ಬರೋದಿಲ್ಲ" ಎನ್ನುವ ಮಾತನ್ನು ಯಾರೇ ಹೇಳಿದರೂ ಒಪ್ಪಬೇಡಿ.

ರಕ್ತ ಮೂಲವ್ಯಾಧಿಯದೋ ಬೇರೆಯದೋ ಎಂದು ಮನೆಯಲ್ಲೇ ತಿಳಿಯಬಹುದೇ?

ಅಂದಾಜು ಮಾಡಬಹುದು, ಖಚಿತ ಮಾಡಲಾಗದು. ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ಮಲ ಹೋದ ಮೇಲೆ ಕೆಂಪು ರಕ್ತ ಹನಿಹನಿಯಾಗಿ ಬೀಳುತ್ತದೆ, ನೋವಿರುವುದಿಲ್ಲ. ಗುದದ್ವಾರ ಸೀಳಿದ್ದರೆ ಬ್ಲೇಡಿನಿಂದ ಕೊಯ್ದಂತೆ ಉರಿ, ಮಲದ ಒಂದು ಬದಿಗೆ ರಕ್ತದ ಗೆರೆ. ಗಡ್ಡೆಯಿದ್ದಾಗ ರಕ್ತ ಮಲದೊಂದಿಗೆ ಕಲಸಿದಂತಿರಬಹುದು, ಜೊತೆಗೆ ಲೋಳೆ ಇರಬಹುದು. ಹೋಗಿ ಬಂದು ಹತ್ತು ನಿಮಿಷಕ್ಕೆ ಮತ್ತೆ ಹೋಗಬೇಕೆನಿಸುತ್ತದೆ, ಕುಳಿತರೆ ಏನೂ ಬರುವುದಿಲ್ಲ. "ಪೂರ್ತಿ ಹೋಗೇ ಇಲ್ಲ ಅನ್ನಿಸ್ತದ" ಎಂಬ ಈ ಲಕ್ಷಣವನ್ನು ಜನ ಹೇಳುವುದೇ ಇಲ್ಲ, ವೈದ್ಯರೂ ಕೇಳುವುದು ಕಡಿಮೆ. ಕೇಳದಿದ್ದರೂ ನೀವಾಗಿ ಹೇಳಿ. ಕಿರಿಯರಲ್ಲಿ ಹೆಚ್ಚಿನ ಗಡ್ಡೆಗಳು ಗುದನಾಳ ಮತ್ತು ಎಡಭಾಗದ ಕರುಳಿನಲ್ಲೇ ಇರುವುದರಿಂದ ಈ ಮಾತಿಗೆ ತೂಕ ಹೆಚ್ಚು.

ಒಂದು ಎಚ್ಚರಿಕೆ: ಒಬ್ಬರಿಗೇ ಮೂಲವ್ಯಾಧಿಯೂ ಇರಬಹುದು, ಅದರ ಮೇಲ್ಗಡೆ ಗಡ್ಡೆಯೂ ಇರಬಹುದು. ಮೂಲವ್ಯಾಧಿ ಕಂಡಿತೆಂದ ಮಾತ್ರಕ್ಕೆ ವಿಚಾರಣೆ ಮುಗಿಯಲಿಲ್ಲ.

ಯಾವ ಲಕ್ಷಣ ಇದ್ದರೆ ತಡ ಮಾಡಬಾರದು?

2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಐವತ್ತರೊಳಗೆ ಈ ರೋಗ ಬಂದ 5,075 ಜನರ ದಾಖಲೆ ನೋಡಿತು. ರೋಗ ಪತ್ತೆಯಾಗುವ ಮೂರು ತಿಂಗಳಿಂದ ಎರಡು ವರ್ಷ ಮೊದಲೇ ನಾಲ್ಕು ಸೂಚನೆಗಳು ಎದ್ದು ಕಂಡವು: ಹೊಟ್ಟೆನೋವು, ಗುದದಿಂದ ರಕ್ತ, ನಿಲ್ಲದ ಭೇದಿ, ಕಬ್ಬಿಣಾಂಶ ಕೊರತೆಯ ರಕ್ತಹೀನತೆ. ಒಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು, ಎರಡಿದ್ದರೆ ಮೂರೂವರೆ ಪಟ್ಟು, ಮೂರು ಅಥವಾ ಹೆಚ್ಚಿದ್ದರೆ ಆರೂವರೆ ಪಟ್ಟು. ಇವುಗಳ ಜೊತೆ, ಪ್ರಯತ್ನಪಡದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಮೂರು ವಾರ ಮೀರಿ ಬದಲಾದ ಮಲದ ರೂಢಿ, ಇವನ್ನೂ ಸೇರಿಸಿಕೊಳ್ಳಿ.

ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿ ಕೂಡ ಹೋಗುತ್ತಿಲ್ಲ ಎಂದರೆ ಅದು ಕರುಳು ಕಟ್ಟಿಕೊಂಡ ಲಕ್ಷಣ. ಅವತ್ತೇ, ಶಸ್ತ್ರಚಿಕಿತ್ಸೆ ಇರುವ ದವಾಖಾನೆಗೆ ಹೋಗಬೇಕು. ಭೇದಿಯಾಗಿಸುವ ಮಾತ್ರೆ, ಎನಿಮಾ ಕೊಡುತ್ತಾ ಮನೆಯಲ್ಲಿ ಕಾಯುವುದು ಅಪಾಯ.

ವೈದ್ಯರ ಬಳಿ ಹೋದರೆ ಮೊದಲು ಏನಾಗಬೇಕು?

ಬೆರಳಿನ ಪರೀಕ್ಷೆ. ಎಡಮಗ್ಗುಲಲ್ಲಿ ಮಲಗಿ ಮೊಣಕಾಲು ಎದೆಯ ಕಡೆ ಮಡಚಿಕೊಳ್ಳಬೇಕು. ವೈದ್ಯರು ಗ್ಲೌಸ್ ಹಾಕಿ, ಜೆಲ್ಲಿ ಹಚ್ಚಿ, ಬೆರಳಿನಿಂದ ಕೊನೆಯ 7-8 ಸೆಂಟಿಮೀಟರ್ ಮುಟ್ಟಿ ನೋಡುತ್ತಾರೆ. ಒಂದು ನಿಮಿಷದ ಕೆಲಸ. ಕೆಳಗಿನ ಗುದನಾಳದ ಗಡ್ಡೆ ಇದರಲ್ಲೇ ಕೈಗೆ ಸಿಗುತ್ತದೆ. ಆಮೇಲೆ ಪ್ರಾಕ್ಟೋಸ್ಕೋಪ್ ಎಂಬ ಗಿಡ್ಡ ಕೊಳವೆ ಹಾಕಿ ಮೂಲವ್ಯಾಧಿ ಕಣ್ಣಾರೆ ನೋಡಬಹುದು.

ರಕ್ತದ ವಿಷಯ ಹೇಳಿದ ಮೇಲೂ ಮೇಜಿನಾಚೆ ಕುಳಿತೇ ಮುಲಾಮು ಬರೆದುಕೊಟ್ಟರೆ, "ಸರ್, ಒಮ್ಮೆ ಬೆರಳು ಹಾಕಿ ನೋಡ್ರಿ" ಎಂದು ಕೇಳಿ. ಇದರಲ್ಲಿ ಸಂಕೋಚ ಬೇಡ. ಹೆಣ್ಣುಮಕ್ಕಳು ಲೇಡಿ ಡಾಕ್ಟರನ್ನೋ ಜೊತೆಗೊಬ್ಬ ನರ್ಸನ್ನೋ ಕೇಳುವುದು ನಿಮ್ಮ ಹಕ್ಕು. ಮೂಲವ್ಯಾಧಿಯೇ ಎಂದು ಕಂಡರೆ ಚಿಕಿತ್ಸೆಗೆ ಎರಡರಿಂದ ನಾಲ್ಕು ವಾರ ಕೊಡಿ. ಆಗಲೂ ರಕ್ತ ನಿಲ್ಲದಿದ್ದರೆ, ಅಥವಾ ಮೇಲೆ ಹೇಳಿದ ಬೇರೊಂದು ಲಕ್ಷಣ ಜೊತೆಗಿದ್ದರೆ, ಕೊಲೊನೋಸ್ಕೋಪಿ (ಗುದದಿಂದ ದುರ್ಬೀನು ಹಾಕಿ ಇಡೀ ದೊಡ್ಡ ಕರುಳು ನೋಡುವ ಪರೀಕ್ಷೆ) ಬೇಕು.

ಹೊಟ್ಟೆ ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ. ಸಾಲದೇ?

ಸಾಲದು. ಕರುಳಿನ ತುಂಬ ಗಾಳಿ ಇರುತ್ತದೆ, ಅಲ್ಟ್ರಾಸೌಂಡ್ ತರಂಗ ಗಾಳಿಯನ್ನು ದಾಟುವುದಿಲ್ಲ. ಸಣ್ಣ ಗಡ್ಡೆ, ಪಾಲಿಪ್ (ಕರುಳಿನ ಒಳಗೋಡೆಯ ಮೇಲೆ ಏಳುವ ಸಣ್ಣ ಗಂಟು), ಗುದನಾಳ ಇವು ಅದರಲ್ಲಿ ಕಾಣುವುದೇ ಇಲ್ಲ. ಸಿಇಎ ಎಂಬ ರಕ್ತಪರೀಕ್ಷೆಯೂ ಹಾಗೆಯೇ: ಕ್ಯಾನ್ಸರ್ ಇದ್ದೂ ಅದು ನಾರ್ಮಲ್ ಇರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಿರಬಹುದು. ಚಿಕಿತ್ಸೆಯ ನಂತರದ ನಿಗಾಕ್ಕೆ ಅದು ಉಪಯೋಗ, ರೋಗ ಹುಡುಕುವುದಕ್ಕಲ್ಲ.

"ಆಪರೇಶನ್ ಇಲ್ಲದೆ ಮೂಲವ್ಯಾಧಿ ಗುಣ" ಎಂಬ ಬೋರ್ಡಿನ ಕ್ಲಿನಿಕ್ಕಿಗೆ ಹೋಗಬಹುದೇ?

ಬಸ್‌ಸ್ಟ್ಯಾಂಡಿನ ಸುತ್ತ ಇಂಥ ಬೋರ್ಡುಗಳಿಗೆ ಕೊರತೆಯಿಲ್ಲ. ಅರ್ಹತೆ ಇಲ್ಲದವರು ಗುದದ ಬಳಿ ಸುಡುವ ಔಷಧಿ ಹಚ್ಚಿದರೆ, ಇಂಜೆಕ್ಷನ್ ಕೊಟ್ಟರೆ ಹುಣ್ಣಾಗಿ, ಕೀವಾಗಿ, ಗುದದ್ವಾರ ಕಿರಿದಾಗಬಹುದು. ಅದಕ್ಕಿಂತ ದೊಡ್ಡ ನಷ್ಟ ತಿಂಗಳುಗಳದ್ದು. ಅಲ್ಲಿ ಯಾರೂ ಒಳಗೆ ನೋಡುವುದಿಲ್ಲ, ಬಯಾಪ್ಸಿ, ಅಂದರೆ ಪರೀಕ್ಷೆಗೆ ಸಣ್ಣ ತುಣುಕು, ತೆಗೆಯುವುದಿಲ್ಲ. ರಕ್ತ ನಡುನಡುವೆ ತಾನಾಗಿ ನಿಲ್ಲುವುದು ಗಡ್ಡೆಯ ಸ್ವಭಾವವೂ ಹೌದು. ಔಷಧಿ ಹತ್ತಿತು ಎಂದು ರೋಗಿ ತಿಳಿಯುತ್ತಾರೆ.

ರಕ್ತ ಕಾಣುತ್ತಿಲ್ಲ, ಹಿಮೋಗ್ಲೋಬಿನ್ ಮಾತ್ರ ಕಡಿಮೆ. ಇದಕ್ಕೂ ಕರುಳಿಗೂ ಏನು ಸಂಬಂಧ?

ಬಲಗಡೆಯ ಕರುಳು ಅಗಲವಾಗಿದೆ, ಅಲ್ಲಿ ಮಲ ತೆಳ್ಳಗಿರುತ್ತದೆ. ಅಲ್ಲಿನ ಗಡ್ಡೆ ದಿನವೂ ಸ್ವಲ್ಪ ಸ್ವಲ್ಪ ಸೋರಿದರೂ ಕಣ್ಣಿಗೆ ಬೀಳುವುದಿಲ್ಲ. ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಫೆರಿಟಿನ್ ಪರೀಕ್ಷೆ ಮಾಡಿಸಿದರೆ ಕಬ್ಬಿಣಾಂಶದ ಕೊರತೆಯೇ ಎಂದು ತಿಳಿಯುತ್ತದೆ. ಗಂಡಸರಲ್ಲಿ ಯಾವ ವಯಸ್ಸಿನಲ್ಲೇ ಆಗಲಿ, ಕಬ್ಬಿಣಾಂಶ ಕೊರತೆಗೆ ಕಾರಣ ಹುಡುಕಲೇಬೇಕು. ಹೆಣ್ಣುಮಕ್ಕಳಲ್ಲಿ ಎಲ್ಲವನ್ನೂ ಮುಟ್ಟಿನ ಮೇಲೆ, ಬಾಣಂತನದ ಮೇಲೆ ಹಾಕಿಬಿಡುತ್ತಾರೆ. ಮಾತ್ರೆ ನುಂಗಿ ಮೂರು ತಿಂಗಳಾದರೂ ಏರದಿದ್ದರೆ, ಏರಿ ಮತ್ತೆ ಇಳಿದರೆ, ಕರುಳನ್ನೂ ನೋಡಬೇಕು.

ಐರನ್ ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಬೀಟ್‌ರೂಟ್ ತಿಂದರೆ ಕೆಂಪಾಗುತ್ತದೆ. ಅದಕ್ಕೆ ಹೆದರಬೇಡಿ.

ಪದೇ ಪದೇ ಆಮಶಂಕೆ ಎಂದು ಮಾತ್ರೆ ಕೊಡುತ್ತಿದ್ದಾರೆ. ಕರುಳಿನ ಟಿಬಿ ಇರಬಹುದು ಎಂದೂ ಹೇಳಿದ್ದಾರೆ.

ಆಮಶಂಕೆ ಔಷಧಿಗೆ ವಾರದೊಳಗೆ ಬಗ್ಗಬೇಕು. ಅದೇ ಮೆಟ್ರೊನಿಡಜೋಲ್ ಮೂರನೇ ಸಲ ಬರೆದಿದ್ದಾರೆಂದರೆ ರೋಗನಿರ್ಣಯವನ್ನೇ ಪ್ರಶ್ನಿಸುವ ಹೊತ್ತು. ಕರುಳಿನ ಟಿಬಿ ನಮ್ಮಲ್ಲಿ ನಿಜಕ್ಕೂ ಇದೆ, ಬಲಭಾಗದ ಕರುಳನ್ನು ದಪ್ಪ ಮಾಡಿ ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಕಾಣುತ್ತದೆ. ಕ್ಯಾನ್ಸರ್ ಟಿಬಿಯಂತೆ ಕಾಣುವುದೂ ಉಂಟು. ಆದ್ದರಿಂದ ಸಾಧ್ಯವಿರುವಾಗಲೆಲ್ಲ ಬಯಾಪ್ಸಿ ಆದ ಮೇಲೆಯೇ ಟಿಬಿ ಮಾತ್ರೆ ಶುರುವಾಗಲಿ.

ಕಿರಿಯರಲ್ಲಿ ಏಕೆ ಹೆಚ್ಚುತ್ತಿದೆ? ಖಾರ ತಿನ್ನುವುದರಿಂದಲೇ?

ಖಾರದ ಮೇಲೆ ತಪ್ಪು ಹೊರಿಸುವುದು ನಮ್ಮ ಕಡೆ ರೂಢಿ. ಖಾರದಿಂದ ಉರಿಯಾಗುತ್ತದೆ, ಸೀಳು ಇದ್ದರೆ ನೋವು ಹೆಚ್ಚುತ್ತದೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಅದೇ ಕಾರಣ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆಧಾರ ಇರುವುದು ಬೊಜ್ಜು, ಕುಳಿತೇ ಕಳೆಯುವ ದಿನ, ಮದ್ಯ, ತಂಬಾಕು, ಸಕ್ಕರೆ ಕಾಯಿಲೆ, ನಾರು ಇಲ್ಲದ ಊಟ ಮತ್ತು ಸಂಸ್ಕರಿಸಿದ ಮಾಂಸಕ್ಕೆ. ಸಾಸೇಜ್, ಸಲಾಮಿಯಂಥ ಮಾಂಸವನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ಅಪಾಯ 18 ಪ್ರತಿಶತ ಏರುತ್ತದೆ. 2025ರಲ್ಲಿ 11 ದೇಶಗಳ 981 ಗಡ್ಡೆಗಳ ಡಿಎನ್‌ಎ ಓದಿದಾಗ ಇನ್ನೊಂದು ಸುಳಿವು ಸಿಕ್ಕಿತು. ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಕೆಲವು ತಳಿಗಳು ಕೊಲಿಬ್ಯಾಕ್ಟಿನ್ ಎಂಬ ವಿಷ ಬಿಡುತ್ತವೆ. ಅದು ಡಿಎನ್‌ಎ ಮೇಲೆ ಬಿಟ್ಟ ಗುರುತು 70 ದಾಟಿದವರಿಗಿಂತ 40ರೊಳಗಿನ ರೋಗಿಗಳಲ್ಲಿ 3.3 ಪಟ್ಟು ಹೆಚ್ಚಿತ್ತು. ಆ ಹಾನಿ ಬಾಲ್ಯದಲ್ಲೇ ಆಗಿರಬಹುದು ಎಂಬುದು ಸಂಶೋಧಕರ ಊಹೆ.

ನಮ್ಮ ಊಟದ ಮಾತಿಗೆ ಬಂದರೆ, ನಾರಿನ ವಿಷಯದಲ್ಲಿ ಈ ಸೀಮೆಯ ಹಳೆಯ ತಾಟನ್ನು ಮೀರಿಸುವುದು ಕಷ್ಟ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಸಜ್ಜೆಯಲ್ಲಿ 11, ಪಾಲಿಶ್ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ತಲಾ 50-60 ಗ್ರಾಂ ಹಿಟ್ಟಿನ ಎರಡು ರೊಟ್ಟಿ, ಒಂದು ಬಟ್ಟಲು ಮಡಕಿಕಾಳು ಇಲ್ಲವೇ ಹೆಸರುಕಾಳಿನ ಪಲ್ಯ, ಮೆಂತ್ಯ-ಸೌತೆಯ ಪಚಡಿ: ದಿನಕ್ಕೆ ಬೇಕಾದ 30 ಗ್ರಾಂನಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಊಟದಲ್ಲಿ ಬರುತ್ತದೆ. ಬ್ರೆಡ್ಡು, ಖಾರಿ, ಮೈದಾ ಪರೋಟ, ತಂಪು ಪಾನೀಯ ಆ ಜಾಗಕ್ಕೆ ಬಂದಾಗ ಕಳೆದುಕೊಳ್ಳುವುದು ಇದನ್ನೇ. ಹಾಗೆಂದು ರೊಟ್ಟಿ ತಿನ್ನುವವರಿಗೆ ಕ್ಯಾನ್ಸರ್ ಬರುವುದಿಲ್ಲ ಎಂದಲ್ಲ. ರಕ್ತ ಕಂಡಾಗ ಊಟ ಬದಲಿಸಿ ಕಾದು ನೋಡುವುದು ತಪ್ಪು.

ಅಪ್ಪನಿಗೆ 44ನೇ ವಯಸ್ಸಿಗೆ ಬಂದಿತ್ತು. ನನಗೇನು ಮಾಡಬೇಕು?

ಹೆತ್ತವರು, ಒಡಹುಟ್ಟಿದವರು, ಮಕ್ಕಳಲ್ಲಿ ಒಬ್ಬರಿಗೆ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ. ನಿಮ್ಮ ಲೆಕ್ಕಕ್ಕೆ 34. ಲಕ್ಷಣ ಇರಬೇಕಾಗಿಲ್ಲ.

ಐವತ್ತರೊಳಗೆ ರೋಗ ಬಂದವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಹುಟ್ಟಿನಿಂದ ಬಂದ ಜೀನ್ ದೋಷವಿರುತ್ತದೆ. ಲಿಂಚ್ ಸಿಂಡ್ರೋಮ್ ಎಂಬ ಇಂಥ ಜೀನ್ ದೋಷ ಇರುವ ಮನೆತನದಲ್ಲಿ ಸಾಮಾನ್ಯವಾಗಿ 20-25ನೇ ವಯಸ್ಸಿನಿಂದ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಬೇಕು. ಎಫ್‌ಎಪಿ ಎಂಬ, ಕರುಳಿನ ತುಂಬ ನೂರಾರು ಪಾಲಿಪ್ ಏಳುವ ದೋಷದಲ್ಲಿ 10-12 ವಯಸ್ಸಿಗೇ ಶುರು ಮಾಡಬೇಕು. ಮನೆತನದ ಚರಿತ್ರೆ ಬರೆಯುವಾಗ ಗರ್ಭಕೋಶ, ಅಂಡಾಶಯ, ಹೊಟ್ಟೆಯ ಕ್ಯಾನ್ಸರುಗಳನ್ನೂ ಸೇರಿಸಿ, ಅವೂ ಲಿಂಚ್‌ನಲ್ಲಿ ಬರುತ್ತವೆ. "ಹೊಟ್ಟೆಬ್ಯಾನಿಯಿಂದ ಹೋದ್ರು", "ಗಡ್ಡಿ ಆಗಿತ್ತು" ಎಂದಷ್ಟೇ ನೆನಪಿರುವ ಅಜ್ಜಿ, ದೊಡ್ಡಪ್ಪಂದಿರ ವಯಸ್ಸನ್ನೂ ಅಂದಾಜಿಗೆ ಬರೆದುಕೊಳ್ಳಿ.

ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆ ಮಗಳನ್ನು ತರುವುದು ಸಾಮಾನ್ಯ. ಎಂಯುಟಿವೈಎಚ್ ಜೀನಿನ ಪಾಲಿಪ್ ರೋಗ ತಂದೆ-ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣುವಂಥದ್ದು. ಲಿಂಚ್ ಜೀನ್ ಎರಡೂ ಕಡೆಯಿಂದ ಬಂದ ಮಗುವಿಗೆ ಬಾಲ್ಯದಲ್ಲೇ ಕ್ಯಾನ್ಸರ್ ಬರಬಹುದು. ಒಳಸಂಬಂಧದ ಮದುವೆಯಾಗಿದ್ದರೆ ವೈದ್ಯರಿಗೆ ಬಿಚ್ಚಿ ಹೇಳಿ.

ಲಕ್ಷಣವಿಲ್ಲ, ಮನೆತನದಲ್ಲೂ ಇಲ್ಲ. ಸುಮ್ಮನೆ ಪರೀಕ್ಷೆ ಮಾಡಿಸಬೇಕೇ?

ಅಮೆರಿಕ 2021ರಲ್ಲಿ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಭಾರತದ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಮಾತ್ರ ಇವೆ, ಕರುಳಿನದು ಇಲ್ಲ. 45 ದಾಟಿದವರು ಬಯಸಿದರೆ ಕಣ್ಣಿಗೆ ಕಾಣದ ರಕ್ತ ಹುಡುಕುವ ಎಫ್‌ಐಟಿ ಎಂಬ ಮಲಪರೀಕ್ಷೆ ವರ್ಷಕ್ಕೊಮ್ಮೆ ಮಾಡಿಸಬಹುದು, ಪಥ್ಯ ಬೇಕಿಲ್ಲ. ಕಣ್ಣಿಗೇ ರಕ್ತ ಕಾಣುತ್ತಿರುವವರು ಇದನ್ನು ಮಾಡಿಸಿ "ನೆಗೆಟಿವ್" ಎಂದು ಸಮಾಧಾನಪಡಬಾರದು.

ಕೊಲೊನೋಸ್ಕೋಪಿಗೆ ಹೇಗೆ ತಯಾರಾಗಬೇಕು?

ದುರ್ಬೀನು ಹಾಕಿ ನೋಡುವ ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಮನೆಯಲ್ಲೇ, ತಯಾರಿಯಲ್ಲಿ. ನಿಮ್ಮ ದವಾಖಾನೆ ಕೊಟ್ಟ ಚೀಟಿಯೇ ಅಂತಿಮ. ಸಾಮಾನ್ಯ ಕ್ರಮ ಇದು.

ಐದರಿಂದ ಏಳು ದಿನ ಮೊದಲು ಐರನ್ ಮಾತ್ರೆ ನಿಲ್ಲಿಸಬೇಕು. ಅದು ಮಲವನ್ನು ಟಾರಿನಂತೆ ಕರುಳಿಗೆ ಅಂಟಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇವನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಮೂರು ದಿನ ಮೊದಲಿನಿಂದ ಕಾಳು-ಬೀಜ ಬಂದ್. ಇಲ್ಲೇ ನಮ್ಮವರು ಎಡವುವುದು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ, ಟೊಮೆಟೊ, ಪೇರಲ, ದಾಳಿಂಬೆ, ದ್ರಾಕ್ಷಿ ಯಾವುದೂ ಬೇಡ. ಈ ಬೀಜಗಳು ಕರುಳಿನ ಗೋಡೆಗೆ ಕುಳಿತು ಪಾಲಿಪ್ ಮುಚ್ಚುತ್ತವೆ, ದುರ್ಬೀನಿನ ಹೀರುನಳಿಗೆಯನ್ನೂ ಕಟ್ಟಿಸುತ್ತವೆ. ಬಿಳಿ ಅನ್ನ, ಮೊಸರು, ಇಡ್ಲಿ, ತೆಳು ಬೇಳೆಕಟ್ಟು ಸಾಕು. ರೊಟ್ಟಿಗೂ ಆ ಮೂರು ದಿನ ರಜೆ.

ಹಿಂದಿನ ದಿನ ಬೆಳಿಗ್ಗೆ ಹಗುರ ತಿಂಡಿ, ಆಮೇಲೆ ಬರೀ ತಿಳಿ ದ್ರವ: ಎಳನೀರು, ಸೋಸಿದ ನಿಂಬೆ ಶರಬತ್ತು, ಹಾಲಿಲ್ಲದ ಚಹಾ, ಸೋಸಿದ ಅಕ್ಕಿ ಗಂಜಿಯ ತಿಳಿ. ಕೆಂಪು ಬಣ್ಣದ್ದು ಬೇಡ, ಒಳಗೆ ರಕ್ತದಂತೆ ಕಾಣುತ್ತದೆ.

ಕರುಳು ಸ್ವಚ್ಛ ಮಾಡುವ ಪುಡಿ ಪ್ಯಾಕೆಟನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ಹೆಚ್ಚಾಗಿ 2 ಲೀಟರಿಗೆ, ಕಲಸಿ. ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ 4ರಿಂದ 6 ತಾಸು ಮೊದಲು. ಕೊನೆಯ 2 ತಾಸು ಹೊಟ್ಟೆ ಖಾಲಿ ಇರಬೇಕು. 10-15 ನಿಮಿಷಕ್ಕೊಂದು 250 ಮಿಲಿ ಗ್ಲಾಸು. ತಣ್ಣಗೆ ಮಾಡಿ, ನಿಂಬೆ ಹಿಂಡಿ ಕುಡಿದರೆ ಇಳಿಯುತ್ತದೆ. ವಾಕರಿಕೆ ಬಂದರೆ ಅರ್ಧ ತಾಸು ಬಿಟ್ಟು ನಿಧಾನವಾಗಿ ಮುಂದುವರಿಸಿ, ಉಳಿದದ್ದನ್ನು ಚೆಲ್ಲಬೇಡಿ. ಕೊನೆಗೆ ಹೋಗುವುದು ತಿಳಿಹಳದಿ ನೀರಿನಂತಿರಬೇಕು, ಅದರಲ್ಲಿ ಗಷ್ಟಿರಬಾರದು. ಇನ್ನೂ ಕಂದು ಇದ್ದರೆ ಹೊರಡುವ ಮೊದಲೇ ದವಾಖಾನೆಗೆ ಫೋನ್ ಮಾಡಿ.

ಇಂಡಿ, ಸಿಂದಗಿ, ಅಥಣಿ, ಹುನಗುಂದದ ಕಡೆಯಿಂದ ಬರುವವರಿಗೆ ಎರಡನೇ ಅರ್ಧ ಕುಡಿದು ಬಸ್ ಹತ್ತುವುದು ಆಗದ ಮಾತು. ಮಧ್ಯಾಹ್ನದ ಹೊತ್ತು ಕೊಡಿ ಎಂದು ಕೇಳಿ, ಅಥವಾ ಹಿಂದಿನ ರಾತ್ರಿ ದವಾಖಾನೆ ಇರುವ ಊರಲ್ಲೇ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಿರಿ. ಆ ಅರ್ಧವನ್ನು ಬಿಟ್ಟುಬಿಟ್ಟರೆ ಬಲಗಡೆಯ ಕರುಳೇ ಕೊಳಕಾಗಿ ಉಳಿಯುತ್ತದೆ, ಪರೀಕ್ಷೆ ಮತ್ತೊಮ್ಮೆ ಮಾಡಬೇಕಾಗುತ್ತದೆ.

ಪರೀಕ್ಷೆಗೆ 20ರಿಂದ 40 ನಿಮಿಷ. ನಿದ್ದೆಯ ಇಂಜೆಕ್ಷನ್ ಕೊಟ್ಟರೆ ಜೊತೆಗೊಬ್ಬರು ಬೇಕು, ಅವತ್ತು ಗಾಡಿ ಓಡಿಸಬಾರದು. ದರ ಕೇಳುವಾಗ ಇಂಜೆಕ್ಷನ್, ಬಯಾಪ್ಸಿ, ಪೆಥಾಲಜಿ ಎಲ್ಲ ಸೇರಿ ಎಷ್ಟು ಎಂದು ಕೇಳಿ.

ರಿಪೋರ್ಟಿನಲ್ಲಿ ಏನು ನೋಡಬೇಕು?

ದುರ್ಬೀನು ಕರುಳಿನ ಆರಂಭದ ಸೀಕಂವರೆಗೆ ತಲುಪಿತೇ, ಫೋಟೋ ಇದೆಯೇ, ಕರುಳು ಎಷ್ಟು ಸ್ವಚ್ಛವಿತ್ತು. ಸ್ವಚ್ಛತೆಯ ಬಾಸ್ಟನ್ ಅಂಕ 9ಕ್ಕೆ 6 ಅಥವಾ ಹೆಚ್ಚು, ಪ್ರತಿ ಭಾಗಕ್ಕೂ ಕನಿಷ್ಠ 2 ಇರಬೇಕು. "ಸಿಗ್ಮಾಯ್ಡ್‌ವರೆಗೆ (ಗುದನಾಳಕ್ಕೆ ಸೇರುವ ಕೊನೆಯ ಭಾಗದವರೆಗೆ) ನಾರ್ಮಲ್" ಎಂದಿದ್ದರೆ ಉಳಿದ ಕರುಳನ್ನು ನೋಡಿಲ್ಲ ಎಂದೇ ಅರ್ಥ.

ಕ್ಯಾನ್ಸರ್ ಎಂದೇ ಬಂದರೆ?

ಗಾಬರಿಯಲ್ಲಿ ಅದೇ ವಾರ ಆಪರೇಶನ್ನಿಗೆ ಒಪ್ಪಿಕೊಳ್ಳುವ ಮೊದಲು ಹಂತ ತಿಳಿಯಬೇಕು. ಎದೆ-ಹೊಟ್ಟೆ-ಕಟಿಭಾಗದ ಸಿಟಿ, ಸಿಇಎ, ಗುದನಾಳದಲ್ಲಾದರೆ ಕಟಿಭಾಗದ ಎಂಆರ್‌ಐ. ಗುದನಾಳದ ಗಡ್ಡೆಗೆ ಎಷ್ಟೋ ಸಲ ಮೊದಲು ರೇಡಿಯೇಶನ್, ಕೀಮೋ, ಆಪರೇಶನ್ ಆಮೇಲೆ. ಎಂಆರ್‌ಐ ಇಲ್ಲದೆ ನೇರ ಕೊಯ್ದರೆ ಆ ಅವಕಾಶ ತಪ್ಪುತ್ತದೆ. ಬಯಾಪ್ಸಿಯ ತುಣುಕಿನ ಮೇಲೆ ಎಂಎಂಆರ್ ಪರೀಕ್ಷೆ (ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಸರಿಯಿದೆಯೇ ಎಂದು ನೋಡುವುದು) ಮಾಡಲು ಹೇಳಿ. ಲಿಂಚ್ ಸುಳಿವು ಸಿಗುವುದು ಅಲ್ಲೇ, ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಚಿಕಿತ್ಸೆ) ಹತ್ತುವುದೇ ಎಂಬುದೂ ಅಲ್ಲೇ ತಿಳಿಯುತ್ತದೆ.

ಮಕ್ಕಳಾಗಬೇಕಿರುವವರು ಚಿಕಿತ್ಸೆಗೆ ಮೊದಲೇ ಬಾಯಿಬಿಟ್ಟು ಕೇಳಬೇಕು. ಕಟಿಭಾಗದ ರೇಡಿಯೇಶನ್ನಿನಿಂದ ಅಂಡಾಶಯ, ವೃಷಣಗಳಿಗೆ ಹಾನಿಯಾಗುತ್ತದೆ. ವೀರ್ಯ ಸಂಗ್ರಹಿಸಿಡುವುದು ಒಂದೆರಡು ದಿನದ ಕೆಲಸ. ಅಂಡಾಣು ಸಂಗ್ರಹಕ್ಕೆ ಸುಮಾರು ಎರಡು ವಾರ ಬೇಕು. ಮಲ ಹೋಗಲು ಹೊಟ್ಟೆಗೆ ಚೀಲ ಹಾಕುತ್ತಾರೆ ಎಂಬ ಹೆದರಿಕೆಯಿಂದ ಆಪರೇಶನ್ ಮುಂದೂಡಬೇಡಿ. ಅನೇಕರಿಗೆ ಅದು ಕೆಲವು ತಿಂಗಳ ಮಟ್ಟಿಗೆ ಮಾತ್ರ, ಆಮೇಲೆ ಮುಚ್ಚುತ್ತಾರೆ.

ಅಮೆರಿಕದ ಲೆಕ್ಕದಲ್ಲಿ ಕರುಳಿನೊಳಗೇ ಇರುವಾಗ ಸಿಕ್ಕಿದರೆ ಐದು ವರ್ಷ ಬದುಕುವವರು ನೂರಕ್ಕೆ ಸುಮಾರು 90. ಲಿವರ್, ಶ್ವಾಸಕೋಶಕ್ಕೆ ಹರಡಿದ ಮೇಲೆ ಸುಮಾರು 15.

ಎಲ್ಲಿಗೆ ಹೋಗಬೇಕು, ಖರ್ಚು ಹೇಗೆ?

ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದ ಬಿಎಲ್‌ಡಿಇ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಈ ಭಾಗದವರು ಹೋಗುವ ಜಾಗಗಳು. ಯಾವ ಪರೀಕ್ಷೆ ಎಲ್ಲಿ ಆಗುತ್ತದೆ ಎಂದು ಫೋನಿನಲ್ಲಿ ಕೇಳಿ ಹೊರಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪ್ರತಿಶತ, 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ತರಬೇಕು. ಖಾಸಗಿಯಲ್ಲಿ ಆಪರೇಶನ್ ಮುಗಿಸಿ ಆಮೇಲೆ ಚೀಟಿ ತಂದರೆ ನಡೆಯುವುದಿಲ್ಲ. ಮಿರಜ, ಸೋಲಾಪುರಕ್ಕೆ ಹೋಗುವವರು ಕರ್ನಾಟಕದ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಮತ್ತು ಜೊತೆಗಿರುವ ಒಬ್ಬರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಚಿಕಿತ್ಸೆ ಮುಗಿದ ಮೇಲೆ?

ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ 6 ತಿಂಗಳಿಗೊಮ್ಮೆ ಸಿಇಎ. ನಡುವೆ ವೈದ್ಯರು ಹೇಳಿದಂತೆ ಸಿಟಿ. ಆಪರೇಶನ್ನಿನ ಒಂದು ವರ್ಷಕ್ಕೆ ಕೊಲೊನೋಸ್ಕೋಪಿ. 2025ರಲ್ಲಿ ಹೊರಬಂದ, 889 ಕರುಳಿನ ಕ್ಯಾನ್ಸರ್ ರೋಗಿಗಳ ಪ್ರಯೋಗದಲ್ಲಿ ಕೀಮೋ ನಂತರ ಮೂರು ವರ್ಷ ಕ್ರಮಬದ್ಧ ವ್ಯಾಯಾಮ ಮಾಡಿದವರಲ್ಲಿ ರೋಗ ಮರುಕಳಿಸುವ, ಹೊಸ ಕ್ಯಾನ್ಸರ್ ಬರುವ ಅಥವಾ ಸಾಯುವ ಅಪಾಯ 28 ಪ್ರತಿಶತ ಕಡಿಮೆಯಿತ್ತು. ಹೆಚ್ಚಿನವರು ಮಾಡಿದ್ದು ಬಿರುಸಿನ ನಡಿಗೆ, ವಾರಕ್ಕೆ ಮೂರ್ನಾಲ್ಕು ಸಲ, ಮುಕ್ಕಾಲು ತಾಸಿನಷ್ಟು. ಆಪರೇಶನ್ ಗಾಯ ಮಾಗಿ ವೈದ್ಯರು ಹೂಂ ಎಂದ ಮೇಲೆ ಹತ್ತು ನಿಮಿಷದಿಂದ ಶುರು ಮಾಡಿ. ನಿಮ್ಮ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ಮಕ್ಕಳಿಗೆ ಯಾವ ವಯಸ್ಸಿಗೆ ಕೊಲೊನೋಸ್ಕೋಪಿ ಆಗಬೇಕು ಎಂಬುದನ್ನು ಡಿಸ್ಚಾರ್ಜ್ ಕಾರ್ಡಿನ ಮೇಲೇ ಬರೆಸಿಕೊಂಡು ಬನ್ನಿ.